ನಲ್ಲಬಂಡ ಬೆಟ್ಟದ ಷೇರುದಾರ

ನಮ್ಮ ಭಾವ ಗಂಗುಲಪ್ಪನವರ ಬಗ್ಗೆ ಬರೆಯಲು ಕೂತಾಗೆಲ್ಲ ನನಗೆ ಮೊದಲು ಸಿಟ್ಟು ಬರುತ್ತದೆ. ಅವರ ಮೇಲೂ ಸ್ವಲ್ಪ ಇತ್ತು, ಈಗ ಇಳಿದಿದೆ. ಇಳಿಯದೆ ಉಳಿದಿರುವ ಸಿಟ್ಟು ಯಾರ ಮೇಲೆ ಅನ್ನುವುದು ತಿಳಿಯಬೇಕಾದರೆ ಅವರು ಎಂಥ ಮನುಷ್ಯ ಅಂತ ಮೊದಲು ಗೊತ್ತಾಗಬೇಕು.

ಭಾವ ನನ್ನ ಅಕ್ಕ ಆದಿಲಕ್ಷ್ಮಮ್ಮನ ಗಂಡ. ಮನೆ ಚಿಕ್ಕಬಳ್ಳಾಪುರದಲ್ಲಿ. ಹಾಲು ಒಕ್ಕೂಟದಲ್ಲಿ ವಿಸ್ತರಣಾಧಿಕಾರಿಯಾಗಿದ್ದು ನಿವೃತ್ತರಾದರು. ಹುದ್ದೆಯ ಹೆಸರು ಕೇಳಿ ದೊಡ್ಡ ಸಾಹೇಬರು ಅಂದುಕೊಳ್ಳಬೇಡಿ. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿ ಡೇರಿಗಳನ್ನು ಬಿಸಿಲು ಮಳೆ ಅನ್ನದೆ ಬೈಕಿನಲ್ಲಿ ಸುತ್ತುವುದು, ಹಾಲಿಗೆ ಬೆಲೆ ಕಟ್ಟುವ ಫ್ಯಾಟು ಸರಿಯಾಗಿ ನೋಡುತ್ತಿದ್ದಾರೋ ಇಲ್ಲವೋ ಅಂತ ಕಣ್ಣಿಡುವುದು, ಅಧ್ಯಕ್ಷನಿಗೂ ಕಾರ್ಯದರ್ಶಿಗೂ ಬಿದ್ದ ಜಗಳ ಬಿಡಿಸುವುದು, ವರ್ಷಕ್ಕೊಮ್ಮೆ ಪ್ರತಿ ಊರಿನಲ್ಲೂ ಸರ್ವಸದಸ್ಯರ ಸಭೆ ಮಾಡಿಸುವುದು, ಇಷ್ಟೇ ಕೆಲಸ. ಇದರಲ್ಲಿ ಕೊನೆಯದನ್ನು ಅವರು ದೇವರ ಕೆಲಸ ಅಂತ ಮಾಡುತ್ತಿದ್ದರು.

ಡೇರಿಯ ಸರ್ವಸದಸ್ಯರ ಸಭೆ ನೋಡಿದವರಿಗೆ ಗೊತ್ತು. ಡೇರಿ ಮುಂದೆ ಶಾಮಿಯಾನ, ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಜಮಖಾನ, ಹಿಂದುಗಡೆ ಒಲೆಯ ಮೇಲೆ ಕೇಸರಿಬಾತು. ಕಾರ್ಯದರ್ಶಿ ವರದಿಯನ್ನು ಬಸ್ಸಿಗೆ ಹೊತ್ತಾದವನಂತೆ ಓದಿ ಮುಗಿಸುತ್ತಾನೆ. ಬೇಗ ಮುಗಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ ಅನ್ನುವುದು ಅವನ ಆಸೆ. ಭಾವ ಅಲ್ಲಿಗೆ ಬಿಡುತ್ತಿರಲಿಲ್ಲ. ವರದಿ ಮುಗಿದ ಕೂಡಲೆ ಎದ್ದು ನಿಂತು "ಈಗ ಯಾರು ಏನು ಬೇಕಾದ್ರೂ ಕೇಳ್ಬಹುದು. ಕೇಳಿದ್ಮೇಲೇನೇ ಊಟ" ಅನ್ನುತ್ತಿದ್ದರು. ಒಂದು ಸಲ ಪೆರೇಸಂದ್ರದ ಹತ್ತಿರದ ಒಂದು ಊರಿನಲ್ಲಿ, ಒಂದೇ ಹಸು ಸಾಕಿಕೊಂಡಿದ್ದ ವಿಧವೆಯೊಬ್ಬಳು ಎದ್ದು, ನನ್ನ ಹಾಲಿಗೆ ಮಾತ್ರ ಯಾಕೆ ದಿನಾ ಫ್ಯಾಟು ಕಡಿಮೆ ಬರುತ್ತೆ ಅಂತ ಕೇಳಿದಳಂತೆ. ಅಧ್ಯಕ್ಷ ಊರ ದೊಡ್ಡ ರೈತ. "ಕೂತ್ಕೊಳಮ್ಮ ಸಾಕು" ಅಂದ. ಭಾವ ಮೈಕು ಕಿತ್ತುಕೊಂಡು "ಆಯಮ್ಮನ್ನ ಕೂತ್ಕೊ ಅನ್ನೋಕೆ ನೀವ್ಯಾರ್ರೀ? ನಿಮ್ಮದು ಹತ್ತು ಹಸು ಇರ್ಬಹುದು, ಓಟು ಒಂದೇ. ಆಯಮ್ಮಂದೂ ಒಂದೇ" ಅಂದರಂತೆ. ಆ ಅಧ್ಯಕ್ಷ ಇವರನ್ನು ಬೇರೆ ಕಡೆ ಹಾಕಿಸಲು ಎಷ್ಟು ಓಡಾಡಿದ ಅನ್ನುವುದು ಬೇರೆ ಕತೆ. ಭಾವನಿಗೆ ಅದರ ಚಿಂತೆ ಇರಲಿಲ್ಲ. ಆ ಹೆಂಗಸು ಕೇಳಿದಳು, ಉತ್ತರ ಸಿಕ್ಕಿತು, ಅಷ್ಟು ಸಾಕಾಗಿತ್ತು.

ಇಂಥ ಮನುಷ್ಯನಿಗೆ ನಿವೃತ್ತಿ ಅಂತ ಸಿಕ್ಕಿದ್ದು ಭವಿಷ್ಯ ನಿಧಿ, ಗ್ರಾಚ್ಯುಟಿ, ಒಂದು ಹಾರ, ಒಂದು ಶಾಲು. ತಿಂಗಳ ಪಿಂಚಣಿ ಅನ್ನುವುದು ಎಷ್ಟಿತ್ತೆಂದರೆ ಮೊದಲ ತಿಂಗಳು ಅದನ್ನು ನೋಡಿ ಅವರೇ ನಕ್ಕುಬಿಟ್ಟರು. ಒಬ್ಬಳೇ ಮಗಳು ಶ್ರೀವಲ್ಲಿ, ಗೌರಿಬಿದನೂರಿಗೆ ಮದುವೆ ಮಾಡಿಕೊಟ್ಟಿದೆ. ನಾಳೆ ಕಾಲು ಕೈ ಬಿದ್ದುಹೋದರೆ ಅಳಿಯನ ಮುಂದೆ ಕೈ ಚಾಚಬಾರದು ಅನ್ನುವುದು ಭಾವನ ಹಟ. ಇದ್ದ ಹಣವನ್ನೆಲ್ಲ ಮೊದಲು ಬ್ಯಾಂಕಿನಲ್ಲಿಯೂ ಒಂದು ಪತ್ತಿನ ಸಂಘದಲ್ಲಿಯೂ ಇಟ್ಟಿದ್ದರು. ಆ ಸಂಘ ಒಂದು ಸೋಮವಾರ ಬಾಗಿಲು ತೆರೆಯಲಿಲ್ಲ. ಷಟರ್ ಮುಂದೆ ನಿವೃತ್ತ ಮೇಷ್ಟ್ರುಗಳು, ಕಂಡಕ್ಟರುಗಳು, ನರ್ಸಮ್ಮಂದಿರು ಬಿಸಿಲಲ್ಲಿ ನಿಂತಿದ್ದರು. ಭಾವ ಅದೃಷ್ಟಕ್ಕೆ ಅಲ್ಲಿಂದ ಹಿಂದಿನ ತಿಂಗಳೇ ಹಣ ತೆಗೆದಿದ್ದರು. ಆದರೂ ಆ ಸಾಲಿನಲ್ಲಿ ನಿಂತವರನ್ನು ನೋಡಿ ಬಂದು ಊಟ ಬಿಟ್ಟರು. ಜೀವನಪೂರ್ತಿ ದುಡಿದವರನ್ನು ಹೀಗೆ ಬೀದಿಯಲ್ಲಿ ನಿಲ್ಲಿಸಿದ್ದಕ್ಕೆ ಇವತ್ತಿನವರೆಗೂ ಒಬ್ಬನೂ ಜೈಲು ಕಂಡಿಲ್ಲ.

ಇನ್ನು ಮೇಲೆ ಹಣವನ್ನೆಲ್ಲ ಒಂದೇ ಕಡೆ ಇಡಬಾರದು ಅಂತ ಭಾವ ತೀರ್ಮಾನಿಸಿದ್ದು ಆಗ. ಬಿ.ಬಿ. ರಸ್ತೆಯಲ್ಲಿ ಬೇಕರಿ ಮೇಲೆ ಗಾಜಿನ ಬಾಗಿಲಿನ ಆಫೀಸು ಇಟ್ಟುಕೊಂಡಿದ್ದ ಮೋಹನ್‌ಬಾಬು ಅನ್ನುವ ಸಲಹೆಗಾರನ ಹತ್ತಿರ ಹೋದರು. ಅವನ ತಂದೆ ಗೌರಿಬಿದನೂರು ಕಡೆ ಡೇರಿ ಕಾರ್ಯದರ್ಶಿ, ಭಾವನಿಗೆ ಹಳೆಯ ಪರಿಚಯ. ಮೋಹನ್‌ಬಾಬು ಇವರಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳಿದ. "ಅಂಕಲ್, ನಿಮ್ಮ ರೈತರು ಒಂದೇ ಹಸು ನಂಬ್ಕೊಂಡು ಇರ್ತಾರಾ? ಹಸು ಇರತ್ತೆ, ಎರಡು ಕುರಿ ಇರತ್ತೆ, ಅರ್ಧ ಎಕರೆ ಸೊಪ್ಪು ಇರತ್ತೆ. ದುಡ್ಡೂ ಹಂಗೇ. ಸ್ವಲ್ಪ ಬ್ಯಾಂಕು, ಸ್ವಲ್ಪ ಚಿನ್ನ, ಸ್ವಲ್ಪ ಗಣಿ ಕಂಪನಿ ಷೇರು, ಸ್ವಲ್ಪ ಸ್ಟ್ರಾಟೆಜಿಕ್ ಮೆಟಲ್ಸ್ ಫಂಡು." ದೇಶದೇಶಗಳು ಕಿತ್ತಾಡುವ ಲೋಹಗಳಂತೆ ಅವು. ಬ್ಯಾಟರಿಗೆ ಲಿಥಿಯಂ, ಕೋಬಾಲ್ಟ್, ಕ್ಷಿಪಣಿಗೆ ಟಂಗ್‌ಸ್ಟನ್. ಮೋಹನ್‌ಬಾಬು ಮೋಸಗಾರನಲ್ಲ, ಅದನ್ನು ಹೇಳಿಬಿಡುತ್ತೇನೆ. ಅವನು ಕೊಟ್ಟ ಸಲಹೆಯಲ್ಲಿ ಸುಳ್ಳೂ ಇರಲಿಲ್ಲ. ಭಾವ ಹಾಕಿದ ಹಣ ಬೆಳೆಯಿತು ಕೂಡ.

ಆಮೇಲೆ ನಮಗೆಲ್ಲ ಗ್ರಹಚಾರ ಶುರುವಾಯಿತು. ಭಾವ ಲೋಹಗಳ ಬಗ್ಗೆ ಓದಿಯೇ ಓದಿದರು. ಯುಗಾದಿ ದಿನ ಒಬ್ಬಟ್ಟಿನ ಮುಂದೆ ಕೂತು ಟಂಗ್‌ಸ್ಟನ್ ಯಾವ ದೇಶದಲ್ಲಿ ಸಿಗುತ್ತದೆ ಅಂತ ಪಾಠ. ಬೀದಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಹೋದರೆ "ನೋಡಮ್ಮ ರಾಧಮ್ಮ, ಅದರ ಹೊಟ್ಟೇಲಿ ಲಿಥಿಯಂ ಇದೆ" ಅನ್ನುತ್ತಿದ್ದರು. ನಾನು ಚಿಂತಾಮಣಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಮಾಡುವವಳು, ನನಗೇ ಪಾಠ. ಅಕ್ಕ ಒಳಗಿನಿಂದ "ಅದರ ಹೊಟ್ಟೇಲಿ ಏನಾದ್ರೂ ಇರ್ಲಿ, ನಮ್ಮ ಸಿಲಿಂಡರ್ ಹೊಟ್ಟೆ ಖಾಲಿಯಾಗಿದೆ, ಮೊದ್ಲು ಬುಕ್ ಮಾಡಿ" ಅಂತ ಕೂಗುತ್ತಿದ್ದಳು. ಇದ್ದ ಷೇರುಗಳಲ್ಲಿ ಭಾವನಿಗೆ ತ್ರಿಶೃಂಗ ಅನ್ನುವ ಕಂಪನಿಯ ಮೇಲೆ ವಿಶೇಷ ಪ್ರೀತಿ. ಚಿಕ್ಕ ಕಂಪನಿ, ಹೊಸ ಹೊಸ ಕಡೆ ಬ್ಯಾಟರಿ ಲೋಹ ಹುಡುಕುತ್ತಿದೆ, ಮುಂದೆ ಬರುತ್ತದೆ ಅಂತ ಬೇರೆಯದಕ್ಕಿಂತ ಅದಕ್ಕೇ ಹೆಚ್ಚು ಹಾಕಿದ್ದರು. ಎಲ್ಲಿ ಹುಡುಕುತ್ತಿದೆ ಅಂತ ಅವರು ಕೇಳಲಿಲ್ಲ. ಮೋಹನ್‌ಬಾಬುವೂ ಹೇಳಲಿಲ್ಲ. ಕರ್ನಾಟಕದಲ್ಲಿ ಅಂತ ಎಲ್ಲೋ ಒಂದು ಸಾಲು ಇತ್ತಂತೆ, ಅಷ್ಟೇ.

ಈಗ ನಮ್ಮ ಊರಿಗೆ ಬರುತ್ತೇನೆ. ನನ್ನ, ನನ್ನ ಅಕ್ಕನ ತವರು ನಲ್ಲಬಂಡಹಳ್ಳಿ, ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ಒಳಗಡೆ ಸಿಗುತ್ತದೆ. ನಲ್ಲಬಂಡ ಅಂದರೆ ಕರಿಬಂಡೆ. ಆಂಧ್ರ ಹತ್ತಿರ ಇರುವುದರಿಂದ ನಮ್ಮ ಊರುಗಳ ಹೆಸರು ಅರ್ಧಕ್ಕರ್ಧ ತೆಲುಗು. ಊರ ಹಿಂದೆ ಒಂದು ಗಿಡವೂ ಇಲ್ಲದ ಕರಿ ಬೆಟ್ಟ, ಅದರ ಕೆಳಗೆ ಗೋಮಾಳ, ಗೋಮಾಳದ ಕೆಳಗೆ ಹಿಪ್ಪುನೇರಳೆ ತೋಟ. ಆ ತೋಟದಲ್ಲಿ ಒಂದೊಂದು ತುಂಡನ್ನು ಅಪ್ಪ ನಮ್ಮಿಬ್ಬರು ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆ ಅಂತ ಬಿಟ್ಟುಕೊಟ್ಟಿದ್ದಾರೆ. ಮಾಡುವವನು ನಮ್ಮಣ್ಣ ಮುನೇಶ. ಅಣ್ಣ ರೇಷ್ಮೆ ಗೂಡು ಮಾರಿ ಬಂದ ಮೇಲೆ ನಮ್ಮ ಪಾಲು ತಪ್ಪದೆ ಬರುತ್ತದೆ. ಗೌರಿ ಹಬ್ಬಕ್ಕೆ ಸೀರೆ ಜತೆ ಅರಿಶಿನ ಕುಂಕುಮವನ್ನು ಅತ್ತಿಗೆ ವರಲಕ್ಷ್ಮಿ ತಾನೇ ತಂದುಕೊಡುತ್ತಾಳೆ. ಅಕ್ಕನಿಗೆ ಆ ಹಣದಿಂದ ಹೊಟ್ಟೆ ತುಂಬಬೇಕಾಗಿಲ್ಲ. ಆದರೆ ಗಂಡನ ಮನೆಯಲ್ಲಿ ಯಾವತ್ತಾದರೂ ಮಾತಿಗೆ ಮಾತು ಬೆಳೆದಾಗ "ನಂಗೂ ಒಂದು ನೆಲ ಇದೆ, ತಿಳ್ಕೊಳ್ಳಿ" ಅಂತ ಹೇಳಲು ಅವಳಿಗೆ ಇದ್ದದ್ದು ಅದೊಂದೇ. ಹೆಣ್ಣುಮಕ್ಕಳಿಗೆ ಅಂಥ ಒಂದು ಮಾತು ಇರಬೇಕು.

ಹೋದ ವರ್ಷ ಬೇಸಿಗೆ ಶುರುವಿನಲ್ಲಿ ಬೆಟ್ಟದ ಬುಡಕ್ಕೆ ದಾರಿ ಮಾಡಿಕೊಂಡು ಕೊರೆಯುವ ಲಾರಿಗಳು ಬಂದವು. ಊರಿಗೆ ಊರೇ ಬೋರ್‌ವೆಲ್ ಅಂದುಕೊಂಡಿತು. ಯಾಕೆ ಅಂದುಕೊಳ್ಳಬಾರದು? ನಮ್ಮ ಕಡೆ ಪೈಪು ಹೊತ್ತ ಲಾರಿ ಊರೊಳಗೆ ಬರುವುದು ನೀರಿಗೆ ಮಾತ್ರ. ಬೋರ್ ಕೊರೆಯುವ ಮುಂಚೆ ಯಂತ್ರಕ್ಕೆ ಪೂಜೆ ಮಾಡುವುದು ನಮ್ಮ ಪದ್ಧತಿ. ಅತ್ತಿಗೆ ವರಲಕ್ಷ್ಮಿ ಊರಿನ ನಾಲ್ಕು ಹೆಂಗಸರನ್ನು ಕರೆದುಕೊಂಡು ಹೋಗಿ ಲಾರಿಗೆ ಅರಿಶಿನ ಕುಂಕುಮ ಇಟ್ಟು, ಹೂವು ಹಾಕಿ, ತೆಂಗಿನಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಹೆಲ್ಮೆಟ್ ಹಾಕಿದ್ದ ಸಾಹೇಬನೊಬ್ಬ ಕೈ ಮುಗಿದ, ಫೋಟೋ ತೆಗೆದ, ಪ್ರಸಾದ ತಿಂದ. ನಾವು ಬಂದಿರುವುದು ನೀರಿಗಲ್ಲಮ್ಮ ಅಂತ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಒಂದು ಮಾತು! ಅವಳು ಒಡೆದ ಕಾಯಿ ತಿನ್ನುವಾಗಲಾದರೂ ಹೇಳಬಹುದಿತ್ತಲ್ಲ.

ನೀರು ಬರಲಿಲ್ಲ. ಉದ್ದುದ್ದ ಕಲ್ಲಿನ ಕಡ್ಡಿಗಳು ಬಂದವು, ಅವನ್ನು ಪೆಟ್ಟಿಗೆಗಳಲ್ಲಿ ಜೋಡಿಸಿಕೊಂಡು ಹೋದರು. ಹಗಲೆಲ್ಲ ಲಾರಿ ಓಡಾಡಿ ಎದ್ದ ಬಿಳಿ ಧೂಳು ತೋಟದ ಮೇಲೆ ಕೂತಿತು. ರೇಷ್ಮೆ ಹುಳ ಸಾಕಿದವರಿಗೆ ಹೇಳಬೇಕಾಗಿಲ್ಲ, ಧೂಳು ಹಿಡಿದ ಸೊಪ್ಪು ಅದಕ್ಕೆ ವಿಷ. ಅಣ್ಣನ ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ, ಕಳಚಿ ಎದ್ದು ಮೈತುಂಬ ಹಸಿವಿನಲ್ಲಿದ್ದ ಹೊತ್ತು. ಮನೆಮಂದಿಯೆಲ್ಲ ಸೇರಿ ಸೊಪ್ಪು ತೊಳೆದು ಆರಿಸಿ ಹಾಕಿದರು. ಹುಳ ಮೂಸಿ ನೋಡಿ ತಲೆ ಎತ್ತಿಕೊಂಡು ಕೂತವು, ಆಮೇಲೆ ಒಂದೊಂದೇ ಮೆತ್ತಗಾದವು. ಗೂಡು ಕಟ್ಟಿಸಬೇಕಾಗಿದ್ದ ಬಿದಿರಿನ ಚಂದ್ರಿಕೆಗಳು ಗೋಡೆಗೆ ಒರಗಿಕೊಂಡೇ ಇದ್ದವು. ಅಣ್ಣ ಫೋನು ಮಾಡಿ "ರಾಧಾ, ತಿಪ್ಪೆಗೆ ಸುರಿದು ಬಂದೆ ಕಣಮ್ಮ" ಅಂದು ಅತ್ತುಬಿಟ್ಟ.

ನಾನು, ಅಕ್ಕ, ಭಾವ ಮೂವರೂ ಊರಿಗೆ ಹೋದೆವು. ಭಾವ ದಾರಿಯುದ್ದಕ್ಕೂ ಕೆಂಡದಂತಿದ್ದರು. "ಯಾವನವನು? ಹೇಳದೆ ಕೇಳದೆ ಬಂದು ಕೊರೆಯೋಕೆ ಏನು ಇವರಪ್ಪನ ಮನೆ ಬೆಟ್ಟಾನಾ? ಬೋರ್ಡು ಇರತ್ತೆ ನಡೀರಿ, ಹೆಸರು ನೋಡಣ" ಅಂದರು. ಬೋರ್ಡು ಇತ್ತು. ಹಸಿರು ಬಣ್ಣದ ಬೋರ್ಡಿನ ಮೇಲೆ ಮೂರು ಶಿಖರದ ಗುರುತು, ಕೆಳಗೆ ತ್ರಿಶೃಂಗ ಅಂತ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದಿತ್ತು. ಭಾವ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಅಲ್ಲಿಂದ ನೇರ ಅಣ್ಣನ ಮನೆಗೆ ನಡೆದರು. ಜಗುಲಿ ಮೇಲೆ ಕೂತು, ಅತ್ತಿಗೆ ಕೊಟ್ಟ ನೀರು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಹೇಳಿದರು.

"ಮುನೇಶ, ಈ ಕಂಪನೀಲಿ ನಾನೂ ಇದ್ದೀನಪ್ಪ."

"ಇದ್ದೀರ ಅಂದ್ರೆ? ಕೆಲ್ಸಕ್ಕೆ ಸೇರಿದ್ದೀರಾ ಭಾವ?"

"ಅಲ್ಲ. ಷೇರು ತಗೊಂಡಿದ್ದೀನಿ. ರಿಟೈರಾದ ದುಡ್ಡು."

ಅಕ್ಕ ಕೂತಲ್ಲಿಂದ ಎದ್ದಳು. ನನ್ನ ಅಕ್ಕ ಕೂಗಾಡುವವಳು. ಅವತ್ತು ಕೂಗಲಿಲ್ಲ. "ಅಪ್ಪ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟ ನೆಲ. ಅದರ ಮೇಲೆ ಮಣ್ಣು ಹಾಕೋಕೆ ನೀವೇ ದುಡ್ಡು ಕೊಟ್ಟಿದ್ದೀರ" ಅಂದಳು.

"ಇಲ್ಲಿಗೇ ಬರ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೇ."

"ಗೊತ್ತು ಮಾಡ್ಕೊಳ್ಳಬೇಕಿತ್ತು. ಬೇರೆಯೋರ ಡೇರೀಲಿ ಒಂದು ಲೋಟ ಹಾಲಿಗೆ ಲೆಕ್ಕ ಕೇಳ್ತಿದ್ರಲ್ಲ."

ನನಗೂ ರೇಗಿತ್ತು, ಅಕ್ಕನ ಮಾತಿಗೆ ನಾನೂ ಎರಡು ಸೇರಿಸಿದೆ. ಆದರೆ ಮುನೇಶಣ್ಣನ ಮುಖ ಮಾತ್ರ ಅರಳಿತು. ಅವನು ಡೇರಿಗೆ ಹಾಲು ಹಾಕುವವನು, ಡೇರಿಯ ಸದಸ್ಯ. "ಒಳ್ಳೇದೇ ಆಯ್ತಲ್ಲ ಭಾವ! ನೀವು ಮೆಂಬರು. ಸಭೇಲಿ ಎದ್ದು ನಿಂತು ನಿಲ್ಸಿ ಅಂತ ಕೇಳಿ. ಮೆಂಬರ್ ಕೇಳಿದ್ರೆ ಹೇಳ್ಲೇಬೇಕಲ್ಲ" ಅಂದ. ಭಾವನ ಬೆನ್ನು ನೆಟ್ಟಗಾಯಿತು. ಹೌದಲ್ಲ, ಅನ್ನುವಂತೆ ಸುತ್ತ ನೋಡಿದರು. ಅವತ್ತು ಸಂಜೆ ಹಾಲು ಹಾಕಲು ಬಂದವರ ಮುಂದೆ ಡೇರಿ ಮೆಟ್ಟಿಲ ಮೇಲೆ ನಿಂತು, ಆಗಸ್ಟಿನಲ್ಲಿ ಕಂಪನಿಯ ವಾರ್ಷಿಕ ಸಭೆ ಇದೆ, ನಾನು ಕೇಳುತ್ತೇನೆ, ಕಂಪನಿ ಉತ್ತರ ಕೊಡಲೇಬೇಕು ಅಂತ ಹೇಳಿದರು. ಊರ ಹಿರಿಯ ಕೋನಪ್ಪ ಮಾತ್ರ "ಏಮಪ್ಪ ಗಂಗುಲಪ್ಪ, ನೀನು ಹೇಳಿದ್ರೆ ಅವ್ರು ಕೇಳ್ತಾರಾ?" ಅಂದ. ಭಾವ "ಕೇಳ್ದೆ ಏನು ಮಾಡ್ತಾರೆ ಕೋನಪ್ಪ? ಸಭೆ ಅಂದ್ಮೇಲೆ ಸಭೇನೇ" ಅಂದರು. ಊರು ನಂಬಿತು. ನಮ್ಮ ಜನಕ್ಕೆ ಗೊತ್ತಿರುವ ಸಭೆ ಅದೊಂದೇ.

ಮೋಹನ್‌ಬಾಬು ಬೇಡವೆಂದ. "ಯಾಕಂಕಲ್ ಸುಮ್ನೆ? ಬೇಜಾರಾದ್ರೆ ಮಾರ್ಬಿಡಿ, ಈಗ ಒಳ್ಳೆ ರೇಟಿದೆ."

"ಮಾರಿದ್ರೆ ಕೇಳೋ ಹಕ್ಕು ಹೋಗತ್ತಲ್ಲಪ್ಪ" ಅಂದರು ಭಾವ. ಅವನು ನಿಟ್ಟುಸಿರು ಬಿಟ್ಟು, ಸಭೆಯಲ್ಲಿ ಮಾತಾಡುವವರ ಪಟ್ಟಿಗೆ ಇವರ ಹೆಸರು ಸೇರಿಸಿಕೊಟ್ಟ.

ಸಭೆ ಬೆಂಗಳೂರಿನಲ್ಲೂ ಇರಲಿಲ್ಲ, ಮುಂಬಯಿಯಲ್ಲೂ ಇರಲಿಲ್ಲ. ಕಂಪ್ಯೂಟರಿನಲ್ಲಿತ್ತು. ನಾನು ರಜೆ ಹಾಕಿ ನನ್ನ ಲ್ಯಾಪ್‌ಟಾಪ್ ತೆಗೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದೆ. ಮುನೇಶಣ್ಣ, ಅತ್ತಿಗೆ, ಕೋನಪ್ಪ, ಇನ್ನೂ ಕೆಲವರು ಬೆಳಗಿನ ಬಸ್ಸಿಗೇ ಬಂದು ಹಜಾರದಲ್ಲಿ ಚಾಪೆ ಮೇಲೆ ಕೂತಿದ್ದರು. ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಲ್ಯಾಪ್‌ಟಾಪಿನ ಮುಂದೆ ನಿಂತರು. ಕೂತುಕೊಳ್ಳಿ ಭಾವ ಅಂದೆ. "ಸಭೇಲಿ ಕೂತು ಮಾತಾಡಬಾರ್ದು ಕಣಮ್ಮ" ಅಂದರು. ನಿಂತರೆ ತೆರೆಯಲ್ಲಿ ಅವರ ಅಂಗಿಯ ಗುಂಡಿ ಮಾತ್ರ ಕಾಣುತ್ತಿತ್ತು. ಅಕ್ಕ ಅವರ ಜತೆ ಮಾತು ಬಿಟ್ಟು ಆಗಲೇ ಎಷ್ಟೋ ದಿನ ಆಗಿತ್ತು; ಆದರೂ ಒಳಗಿನಿಂದ ಅಕ್ಕಿ ಡಬ್ಬ ತಂದು ಮೇಜಿನ ಮೇಲಿಟ್ಟಳು. ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ, ಮುಖ ಕಂಡಿತು.

ಕಂಪನಿಯ ಅಧ್ಯಕ್ಷರು ಪುಸ್ತಕದ ಕಪಾಟಿನ ಮುಂದೆ ಕೂತು ಇಂಗ್ಲಿಷಿನಲ್ಲಿ ಮಾತಾಡಿದರು. ದೇಶದ ಭವಿಷ್ಯ, ಹಸಿರು ಇಂಧನ, ಸ್ವಾವಲಂಬನೆ. ನಾನು ಮೆತ್ತಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಆಮೇಲೆ ಚಿತ್ರಗಳು ಬಂದವು. ಕರ್ನಾಟಕದ ಕೆಲಸ ನಿರೀಕ್ಷೆಗಿಂತ ಮುಂದಿದೆ, ಸ್ಥಳೀಯ ಜನ ಯೋಜನೆಯನ್ನು ತುಂಬು ಹೃದಯದಿಂದ ಬರಮಾಡಿಕೊಂಡಿದ್ದಾರೆ ಅಂತ ಅಧ್ಯಕ್ಷರು ಹೇಳುತ್ತಿದ್ದ ಹಾಗೆ ತೆರೆಯ ತುಂಬ ನಮ್ಮ ವರಲಕ್ಷ್ಮಿ ಅತ್ತಿಗೆ. ತಲೆ ಮೇಲೆ ಸೆರಗು, ಕೈಯಲ್ಲಿ ತೆಂಗಿನಕಾಯಿ, ಹಿಂದೆ ಹೂವು ಹಾಕಿದ ಲಾರಿ.

"ಅಯ್ಯೋ, ಇದು ನಾನು" ಅಂದಳು ಅತ್ತಿಗೆ. ಆಮೇಲೆ ನಾನು ಅಧ್ಯಕ್ಷರ ಮಾತಿನ ಅರ್ಥ ಹೇಳಿದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನೀರಿಗೆ ಅಂತ ಇಟ್ಟ ಕುಂಕುಮವನ್ನು ಒಪ್ಪಿಗೆ ಅಂತ ಮಾರಿಕೊಂಡರಲ್ಲ, ಇವರಿಗೆ ಏನನ್ನಬೇಕು? ನಾಚಿಕೆಪಡಬೇಕಾದವರು ಕಪಾಟಿನ ಮುಂದೆ ನಗುತ್ತ ಕೂತಿದ್ದರು. ನಾಚಿಕೆಪಟ್ಟಿದ್ದು ನನ್ನ ಅತ್ತಿಗೆ.

ಷೇರುದಾರರು ಮಾತಾಡುವ ಸರದಿ ಬಂತು. ಒಬ್ಬ ಅಧ್ಯಕ್ಷರನ್ನು ಹೊಗಳಿ ಹಿಂದಿಯಲ್ಲಿ ಕವನ ಓದಿದ. ಇನ್ನೊಬ್ಬ ದೀಪಾವಳಿಗೆ ಷೇರುದಾರರಿಗೆ ಸಿಹಿ ಡಬ್ಬ ಕಳಿಸಿ ಅಂದ. ಮೂರನೆಯವಳೊಬ್ಬಳು ಗಣಿ ನೋಡಲು ಪ್ರವಾಸ ಏರ್ಪಡಿಸಿ, ಕುಟುಂಬ ಸಮೇತ ಬರುತ್ತೇವೆ ಅಂದಳು. ಅಧ್ಯಕ್ಷರು ಕೈ ಮುಗಿದು ಮುಗಿದು ನಗುತ್ತಿದ್ದರು. ಆಮೇಲೆ ಭಾವನ ಹೆಸರು ಕರೆದರು.

"ನಮಸ್ಕಾರ. ನಾನು ಗಂಗುಲಪ್ಪ, ಚಿಕ್ಕಬಳ್ಳಾಪುರ. ಈ ಕಂಪನಿ ಸದಸ್ಯ. ನನ್ನ ಪ್ರಶ್ನೆ ನಲ್ಲಬಂಡ ಬೆಟ್ಟದ ಬಗ್ಗೆ. ಈಗ ನೀವು ತೋರ್ಸಿದ ಹೆಣ್ಣುಮಗಳು ನನ್ನ ಭಾವಮೈದುನನ ಹೆಂಡ್ತಿ. ಆಯಮ್ಮ ಪೂಜೆ ಮಾಡಿದ್ದು ನೀರು ಬರ್ಲಿ ಅಂತ. ನಿಮ್ಮೋರು ನೀರಿಗಲ್ಲ ಅಂತ ಹೇಳ್ಲಿಲ್ಲ. ಅದು ಮೊದಲನೇ ತಪ್ಪು. ಎರಡನೇದು, ಬೆಟ್ಟದ ಕೆಳಗೆ ರೇಷ್ಮೆ ಸೊಪ್ಪಿದೆ..."

ಇಂಗ್ಲಿಷ್ ಅಥವಾ ಹಿಂದಿ ದಯವಿಟ್ಟು ಅಂತ ಒಂದು ದನಿ ನಡುವೆ ಬಾಯಿ ಹಾಕಿತು. ನಾನು ಮುಂದೆ ಬಾಗಿ, ಅವರು ಮಾತಾಡಲಿ, ನಾನು ಅನುವಾದ ಮಾಡುತ್ತೇನೆ ಅಂದೆ. ಸಮಯವಾಯಿತು, ಧನ್ಯವಾದ ಅಂದಿತು ಅದೇ ದನಿ. ತೆರೆಯ ಮೂಲೆಯಲ್ಲಿ ಮೈಕಿನ ಗುರುತಿನ ಮೇಲೆ ಕೆಂಪು ಗೆರೆ ಬಿತ್ತು. ಇನ್ನು ಇವರ ದನಿ ಅಲ್ಲಿಗೆ ಹೋಗುವುದಿಲ್ಲ ಅಂತ ಆ ಗೆರೆಯ ಅರ್ಥ, ಭಾವನಿಗೆ ಅದು ತಿಳಿಯದು. ಅವರು ಹೇಳುತ್ತಲೇ ಇದ್ದರು. ಹುಳ ನಾಲ್ಕನೇ ಜ್ವರ ಎದ್ದಿದ್ದವು ಅಂದರು, ಸೊಪ್ಪು ತೊಳೆದು ಹಾಕಿದರೂ ತಿನ್ನಲಿಲ್ಲ ಅಂದರು, ಊರಿನವರನ್ನು ಕರೆದು ಕೂರಿಸಿ ಮಾತಾಡಿ, ಅಲ್ಲಿವರೆಗೆ ನಿಲ್ಲಿಸಿ ಅಂದರು. ಕೈ ಎತ್ತಿ, ಬೆರಳು ಮಡಿಸಿ, ಅಷ್ಟು ವರ್ಷ ಶಾಮಿಯಾನದ ಕೆಳಗೆ ಮಾತಾಡಿದ ಹಾಗೇ ಮಾತಾಡಿದರು. ನಾನು ಅವರನ್ನು ತಡೆಯಲಿಲ್ಲ. ಹಿಂದೆ ಕೂತವರು ತಲೆಯಾಡಿಸುತ್ತ ಕೇಳುತ್ತಿದ್ದರು. ಕೇಳಬೇಕಾದವರು ಆಗಲೇ ಮುಂದಿನ ಹೆಸರು ಕರೆದಿದ್ದರು. ಕೊನೆಯಲ್ಲಿ ಅಧ್ಯಕ್ಷರು ಮಾತಾಡಿದ ಎಲ್ಲ ಷೇರುದಾರರಿಗೂ ಅವರ ಅಮೂಲ್ಯ ಬೆಂಬಲಕ್ಕಾಗಿ ಕೃತಜ್ಞತೆ ಹೇಳಿದರು. ಬೆಂಬಲವಂತೆ.

"ಓಟು ಹಾಕೋದು ಯಾವಾಗಮ್ಮ?" ಅಂತ ಭಾವ ಕೇಳಿದರು.

"ಓಟು ಮೊದಲೇ ಫೋನಲ್ಲೇ ಆಗಿರತ್ತೆ ಭಾವ. ಯಾರ ಹತ್ರ ಷೇರು ಜಾಸ್ತಿ ಇದೆಯೋ ಅವರ ಓಟು ಜಾಸ್ತಿ."

"ಒಬ್ರಿಗೆ ಒಂದಲ್ವಾ?"

"ಅಲ್ಲ ಭಾವ."

ಅವರು ತೆರೆಯ ಕಡೆ ಕೈ ತೋರಿಸಿದರು. "ಮತ್ತೆ ಇದನ್ನ ಸಭೆ ಅಂತ ಯಾಕೆ ಕರೀತಾರೆ?" ಅಂದರು.

ಕೋನಪ್ಪ ಎದ್ದು ಪಂಚೆ ಕೊಡವಿಕೊಂಡ. ಅವರು ಕೇಳುವುದಿಲ್ಲ ಅಂತ ಅವತ್ತೇ ಅಂದೆನಲ್ಲ ಅಂತ ಅವನು ಹಂಗಿಸಬಹುದಿತ್ತು, ಹಂಗಿಸಲಿಲ್ಲ. "ನೀನು ಚೆನ್ನಾಗೇ ಕೇಳ್ದೆ ಗಂಗುಲಪ್ಪ. ಬಸ್ಸಿಗೆ ಹೊತ್ತಾಯ್ತು, ಹೋಗಣ" ಅಂದ.

ಮಾರನೇ ದಿನ ಷೇರಿನ ಬೆಲೆ ಏರಿತು. ಕರ್ನಾಟಕದಿಂದ ಒಳ್ಳೆ ಸುದ್ದಿ ಇದೆ ಅಂತ ಪೇಟೆಯಲ್ಲಿ ಮಾತಂತೆ. ಮೋಹನ್‌ಬಾಬು ಹಿಗ್ಗಿನಿಂದ ಫೋನು ಮಾಡಿದ. ಭಾವ ಒಂದು ಷೇರು ಉಳಿಸಿ ಮಿಕ್ಕಿದ್ದೆಲ್ಲ ಮಾರಿಬಿಡು ಅಂದರು. ಒಂದು ಯಾಕಂಕಲ್ ಅಂತ ಅವನು ಕೇಳಿದ್ದಕ್ಕೆ, ಬರುವ ವರ್ಷವೂ ಎದ್ದು ನಿಲ್ಲಬೇಕು, ಬಾಯಿ ಮುಚ್ಚಿಸಿದರೆ ಅದರ ಮುಂದಿನ ವರ್ಷ ನಿಲ್ಲುತ್ತೇನೆ ಅಂದರಂತೆ. ಬಂದ ಲಾಭದಲ್ಲಿ ಮುನೇಶಣ್ಣನ ಹುಳದ ನಷ್ಟ ತುಂಬಿಕೊಡಲು ಹೋದರು. ಅಣ್ಣ ಮುಟ್ಟಲಿಲ್ಲ. "ನಿಮ್ಮ ಮೇಲೆ ಕೋಪ ಇಲ್ಲ ಭಾವ. ಆದ್ರೆ ಆ ದುಡ್ಡು ಈ ಮನೆಗೆ ಬೇಡ" ಅಂದ. ಊರಿನವರು ಸೇರಿ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟಿದ್ದಾರೆ. ಉತ್ತರ ಬಂದಿಲ್ಲ. ಕೊರೆಯುವ ಲಾರಿಗಳು ಸದ್ಯಕ್ಕೆ ಹೋಗಿವೆ, ಅವು ಮಾಡಿದ ದಾರಿ ಹಾಗೇ ಇದೆ. ಆ ದಾರಿ ನೋಡಿದರೆ ಮತ್ತೆ ಬರುತ್ತಾರೆ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಷೇರು ಮಾರಿದ ಮೇಲೆ ಅಕ್ಕ ಮಾತಾಡುತ್ತಾಳೆ ಅಂತ ಭಾವ ಕಾದಿದ್ದರು. ಗೌರಿ ಹಬ್ಬಕ್ಕೆ ನಾನು ಹೋಗಿದ್ದಾಗ ಮಾತಾಡಿದಳು. ಬೆಳಗ್ಗೆ ಅಡುಗೆಮನೆ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತ, ತಲೆ ಎತ್ತದೆ ಕೇಳಿದಳು.

"ಮಾರಿದ್ರಲ್ಲ, ಅದನ್ನ ಯಾರು ತಗೊಂಡ್ರು?"

"ಅದು ಗೊತ್ತಾಗಲ್ಲ ಕಣೇ. ಯಾರೋ ತಗೊಂಡಿರ್ತಾರೆ. ನಮ್ಮ ಥರ ರಿಟೈರಾದೋರೇ ಇರ್ಬಹುದು."

"ಇನ್ನುಳಿದ ದುಡ್ಡು? ಆ ಲೋಹದ್ದು?"

"ಅದು ಫಂಡಲ್ಲಿದೆ. ಬೇರೆ ಬೇರೆ ಗಣಿಗಳು." ಭಾವ ಫೋನು ತೆಗೆದು ಓದಿದರು. ತಾಮ್ರದ್ದೊಂದು, ಕೋಬಾಲ್ಟಿನದೊಂದು, ಹೆಸರೇ ಕೇಳದ ಲೋಹದ್ದು ಇನ್ನೆರಡು. ಒಂದು ಒಡಿಶಾ ಕಡೆ, ಒಂದು ಆಫ್ರಿಕಾದಲ್ಲಿ, ಮಿಕ್ಕಿದ್ದು ಎಲ್ಲಿ ಅಂತ ಅದರಲ್ಲಿ ಬರೆದಿರಲಿಲ್ಲ. ಓದುವಾಗ ಅವರಿಗೆ ಹಳೆಯ ಉತ್ಸಾಹವೇ ಬಂದುಬಿಟ್ಟಿತ್ತು, ಇವೆಲ್ಲ ಚೆನ್ನಾಗಿ ಬೆಳೆದಿವೆ ನೋಡು ಅಂದರು.

"ಅಲ್ಲೂ ಬೆಟ್ಟ ಇರತ್ತಾ?"

"ಇರತ್ತೆ."

"ಅದರ ಬುಡದಲ್ಲಿ ಇರೋ ನೆಲ ಯಾರ ಅರಿಶಿನ ಕುಂಕುಮದ್ದು?"

ಭಾವ ಫೋನು ಕೆಳಗಿಟ್ಟರು. ಅಕ್ಕ ಬಿಡಿಸಿದ ಸೊಪ್ಪು ತೆಗೆದುಕೊಂಡು ಒಳಗೆ ಹೋದಳು. ನಾನು ಕಾಫಿ ಲೋಟ ಹಿಡಿದುಕೊಂಡು ಕೂತಿದ್ದೆ. ಆ ಹಣ ತೆಗೆದರೆ ನಾಳೆ ಅಕ್ಕನ ಮಂಡಿ ಆಪರೇಷನ್ನಿಗೆ ಯಾರ ಮುಂದೆ ಹೋಗಿ ನಿಲ್ಲಬೇಕು ಅನ್ನುವುದು ನಮ್ಮ ಮೂವರಿಗೂ ಗೊತ್ತಿತ್ತು. ಎಂಥ ಲೋಕ ಮಾಡಿಟ್ಟಿದ್ದಾರೆ ನೋಡಿ! ಒಬ್ಬ ನಿಯತ್ತಿನ ಮನುಷ್ಯ ಮುಪ್ಪಿನಲ್ಲಿ ಯಾರ ಹಂಗೂ ಇಲ್ಲದೆ ಬದುಕಬೇಕಾದರೆ ಯಾವುದೋ ಊರಿನ ಬೆಟ್ಟ ಬೀಳಬೇಕು. ಅದು ಯಾವ ಊರು ಅಂತ ಅವನಿಗೆ ಗೊತ್ತಾಗಲೂಬಾರದು.

ಭಾವ ಫೋನು ಮತ್ತೆ ಎತ್ತಿಕೊಂಡು ಮೋಹನ್‌ಬಾಬುಗೆ ಮಾಡಿದರು. ನನಗೂ ಕೇಳಲಿ ಅಂತ ಜೋರಾಗಿಟ್ಟರು.

"ಏನಪ್ಪ, ಆ ತಾಮ್ರದ ಗಣಿ ಇದೆಯಲ್ಲ, ಅದರ ಬುಡದಲ್ಲಿರೋ ಊರಿನ ಹೆಸರೇನು?"

"ಯಾವ ಊರಂಕಲ್?"

"ಅದೇ, ಬೆಟ್ಟದ ಕೆಳಗಿನ ಊರು. ಜನ ಏನು ಬೆಳೀತಾರೆ ಅಲ್ಲಿ?"

"ಅಂಕಲ್... ಅದನ್ನೆಲ್ಲ ಯಾರೂ ಕೇಳಲ್ಲ."

"ನಾನು ಕೇಳ್ತಿದ್ದೀನಲ್ಲಪ್ಪ."

ವಿಚಾರಿಸಿ ಹೇಳುತ್ತೇನೆ ಅಂದ ಮೋಹನ್‌ಬಾಬು. ಅವನು ಇನ್ನೂ ಫೋನು ಮಾಡಿಲ್ಲ. ಭಾವ ದಿನಾ ಮಾಡುತ್ತಾರೆ.